ಹದಿನೈದು ನಿಮಿಷದ ಮರಳು

ಸುಪೀರಿಯರ್ ಸರೋವರದ ದಂಡೆಯ ಆ ಕಾಲೇಜಿನಲ್ಲಿ ಪಾಠ ಹೇಳುವವರು ಬರುತ್ತಿದ್ದರು, ಹೋಗುತ್ತಿದ್ದರು. ಪಾಠ ಕೇಳುವವರಂತೂ ಹೋಗುವುದಕ್ಕೆಂದೇ ಬರುತ್ತಿದ್ದರು. ಲೆಂಪಿ ಕಾರ್ವೋನೆನ್ ಮಾತ್ರ ಮೂವತ್ತೊಂದು ವರ್ಷದಿಂದ ರಸಾಯನ ವಿಭಾಗದ ಉಗ್ರಾಣದ ಕಿಟಕಿಯ ಹಿಂದೆ ಕೂತಿದ್ದಳು. ಅವಳ ಅಪ್ಪಣೆಯಿಲ್ಲದೆ ಅಲ್ಲಿಂದ ಒಂದು ಚಿಟಿಕೆ ಉಪ್ಪೂ ಹೊರಗೆ ಹೋಗುತ್ತಿರಲಿಲ್ಲ. ದೊಡ್ಡ ದೊಡ್ಡ ಪದವಿಯವರು ಆ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು, ಕಣ್ಣು ಕಾಯುವ ಕನ್ನಡಕ ಮರೆತು ಬಂದದ್ದಕ್ಕೆ ಬೈಸಿಕೊಂಡು ವಾಪಸು ಹೋದದ್ದುಂಟು.

ಉಗ್ರಾಣದ ಎಡಗಡೆಯ ಮೂರನೆಯ ಕಪಾಟಿನಲ್ಲಿ ಒಂದು ಮನೆತನವೇ ವಾಸವಾಗಿತ್ತು. ಮನೆತನದ ಹೆಸರು ಕ್ವಾಟರ್ನರಿ ಅಮೋನಿಯಂ. ನಡುವೆ ಒಂದು ನೈಟ್ರೋಜನ್, ಅದರ ಸುತ್ತ ನಾಲ್ಕು ಇಂಗಾಲದ ಬಾಲ. ಉದ್ದ ಬಾಲದ ಹಿರಿಯರು ಬಿಳಿಯ ಹರಳುಗಳು. ಗಾಳಿಯ ತೇವ ಕುಡಿದು ಸೀಸೆಯಲ್ಲೇ ಗಡ್ಡೆಕಟ್ಟುವ ಸೋಮಾರಿಗಳು. ಅವರ ಧೂಳು ಕಣ್ಣಿಗೆ ಬಿದ್ದರೆ ಉರಿ, ಮೋರಿಗೆ ಸುರಿದರೆ ಮೀನಿಗೆ ಕೇಡು. ಅಷ್ಟು ಬಿಟ್ಟರೆ ಮರ್ಯಾದಸ್ಥರು. ಈ ವಂಶದಲ್ಲಿ ಬಾಲ ಮೋಟಾದಷ್ಟೂ ಬುದ್ಧಿ ಕೆಟ್ಟದ್ದು. ಎಲ್ಲರಿಗಿಂತ ಮೋಟು ಬಾಲದವನು ಟೆಟ್ರಾಮೀಥೈಲ್ ಅಮೋನಿಯಂ ಹೈಡ್ರಾಕ್ಸೈಡ್. ಅಷ್ಟುದ್ದದ ಹೆಸರು ಹೇಳುವಷ್ಟರಲ್ಲಿ ಅನಾಹುತವೇ ಆಗಿಹೋಗುತ್ತದೆ ಎಂದು ಲೆಂಪಿ ಅವನನ್ನು ‘ಕಿರಿಯ’ ಎಂದೇ ಕರೆಯುತ್ತಿದ್ದಳು.

ಕಿರಿಯ ನೋಡಲು ನೀರು. ಮೂಸಿದರೆ ತುಸು ಮೀನಿನ ವಾಸನೆ. ಮುಟ್ಟಿದರೆ ಸೋಪಿನಂತೆ ಜಾರುತ್ತಾನೆ. ಅವನ ಜೊತೆಯ ಆಮ್ಲಗಳು ಮೈಗೆ ಬಿದ್ದರೆ ಕೂಗಾಡಿಸುತ್ತವೆ. ಕೂಗಿದವನು ನೀರಿಗೆ ಓಡಿ ಬದುಕಿಕೊಳ್ಳುತ್ತಾನೆ. ಕಿರಿಯ ಹಾಗಲ್ಲ. ಸ್ವಲ್ಪ ಕೆಂಪು ಮಾಡಿ ಸುಮ್ಮನಾಗುತ್ತಾನೆ. ಆಮೇಲೆ ಚರ್ಮದ ಮೂಲಕವೇ ಒಳಗೆ ಹೊಕ್ಕು, ಉಸಿರಾಡಿಸುವ ಸ್ನಾಯುಗಳನ್ನು ಒಂದೊಂದಾಗಿ ಮಲಗಿಸುತ್ತಾನೆ.

ಇದನ್ನು ಲೆಂಪಿ ಪುಸ್ತಕದಿಂದ ಕಲಿತದ್ದಲ್ಲ. ಹತ್ತೊಂಬತ್ತು ವರ್ಷದ ಹಿಂದೆ, ಗಾಜು ಊದಿ ಉಪಕರಣ ಮಾಡಿಕೊಡುತ್ತಿದ್ದ ಟೋಯ್ವೊ ಸಾಲ್ಮಿ ಕಿಟಕಿಯ ಹತ್ತಿರ ಬಂದು ನಿಂತಿದ್ದ. ತೊಡೆಯ ಮೇಲೆ ಪ್ಯಾಂಟು ಒದ್ದೆಯಾಗಿತ್ತು.

“ಲೆಂಪಿ, ಒಂದು ಟವೆಲ್ ಕೊಡೆ.”

“ಏನೋ ಅದು, ಈ ವಯಸ್ಸಿಗೆ?”

“ಆ ಸೋಪಿನ ನೀರು ಚೆಲ್ತು. ನಲ್ಲೀಲಿ ತೊಳ್ಕೊಂಡೆ ಬಿಡು. ಉರೀನೂ ಇಲ್ಲ.”

“ಶವರ್ ಎಳೀಬೇಕಿತ್ತಲ್ಲ?”

“ಎಳೆದ್ರೆ ಕೆಳಗಿನ ಮಹಡಿ ಕೆರೆ ಆಗುತ್ತೆ. ಒರೆಸೋಕೆ ನಿಮ್ಮಜ್ಜಿ ಬರ್ತಾಳಾ?”

ಅವನ ಮಾತೂ ಸುಳ್ಳಲ್ಲ. ಕಾರಿಡಾರಿನ ಮಧ್ಯೆ ಅಪಾಯಕ್ಕೆಂದು ಹಾಕಿಸಿದ ಆ ಶವರಿನ ಅಡಿಯಲ್ಲಿ ನೀರು ಹೋಗಲು ಮೋರಿಯೇ ಇರಲಿಲ್ಲ. ಪ್ರಾಣ ಉಳಿಸಲು ನೀರು ಬೇಕೆಂದು ಯೋಚಿಸಿದ ಮಹನೀಯರು, ಆ ನೀರು ಮುಂದೆ ಎಲ್ಲಿಗೆ ಹೋಗಬೇಕೆಂದು ಯೋಚಿಸಿರಲಿಲ್ಲ. ಲೆಂಪಿ ನಕ್ಕಳು. ಟವೆಲ್ ಕೊಟ್ಟಳು. ಅರ್ಧ ಗಂಟೆಯ ಮೇಲೆ ಕಾಫಿ ಕುಡಿಯುವ ಕೋಣೆಗೆ ಹೋದಾಗ ಟೋಯ್ವೊ ಗೋಡೆಗೆ ಒರಗಿ ಕೂತಿದ್ದ. ಮುಂದೆ ಕಾಫಿಯ ಕಪ್ ತುಂಬಿದ ಹಾಗೇ ಇತ್ತು, ಒಂದು ಹನಿಯೂ ಚೆಲ್ಲಿರಲಿಲ್ಲ. ಅವನು ಮಾತ್ರ ಉಸಿರಾಡುತ್ತಿರಲಿಲ್ಲ.

ಆ ಶನಿವಾರ ಲೆಂಪಿ ಮನೆಯ ಸೌನಾದ ಗೋಡೆಯಿಂದ ಮರಳುಗಡಿಯಾರವನ್ನು ಕಿತ್ತಳು. ಫಿನ್ಲೆಂಡಿನಿಂದ ಬಂದು ತಾಮ್ರದ ಗಣಿಗಿಳಿದ ಅವಳ ಅಜ್ಜ ಕಟ್ಟಿದ ಮರದ ಹಬೆಕೋಣೆ ಅದು. ಕಾದ ಕಲ್ಲಿನ ಮೇಲೆ ನೀರು ಎರಚಿ, ಮರಳು ಒಮ್ಮೆ ಪೂರ್ತಿ ಇಳಿಯುವ ತನಕ ಬೆವರುವುದು ಮನೆಯ ಪದ್ಧತಿ. ಹದಿನೈದು ನಿಮಿಷ. ಕಿರಿಯ ಮೈಗೆ ಬಿದ್ದವನು ನೀರಿನಡಿ ನಿಲ್ಲಬೇಕಾದದ್ದೂ ಅಷ್ಟೇ ಹೊತ್ತು. ಸೋಮವಾರ ಆ ಗಡಿಯಾರ ಕಾಲೇಜಿನ ಶವರಿನ ಪಕ್ಕದ ಗೋಡೆಗೆ ಬಂತು. ಸೌನಾದ ಗೋಡೆಯಲ್ಲಿ ಬರೀ ಮೊಳೆ ಉಳಿಯಿತು.

ಅಂದಿನಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಲೆಂಪಿ ಹಳದಿ ಬಕೆಟ್ ಹಿಡಿದು ಶವರಿನ ಕೆಳಗೆ ನಿಂತು, ಹಿಡಿ ಎಳೆದು ನೀರು ಬರುತ್ತದೆಯೇ ಎಂದು ನೋಡುತ್ತಿದ್ದಳು. ಭಗೀರಥ ಗಂಗೆಯನ್ನು ಇಳಿಸಿದ್ದು ಒಂದೇ ಸಲ. ಲೆಂಪಿ ವಾರಕ್ಕೊಮ್ಮೆ ಇಳಿಸುತ್ತಿದ್ದಳು, ಬಕೆಟ್ ತುಂಬುವಷ್ಟು. ಇನ್ನೊಂದು ನಿಯಮವನ್ನೂ ಮಾಡಿದಳು. ಕಿರಿಯನನ್ನು ಯಾರೇ ಕೇಳಿದರೂ ಅವನ ಜೊತೆ ಅವಳೂ ಬರುತ್ತಾಳೆ, ದಪ್ಪ ಕೈಗವಸು, ರಬ್ಬರಿನ ಏಪ್ರನ್ ತೊಟ್ಟು, ಸುರಿದು ಮುಗಿಯುವ ತನಕ ಕಾಯುತ್ತಾಳೆ. ಹುಡುಗರು ಇದಕ್ಕೆ ‘ದಿಬ್ಬಣ’ ಎಂದು ಹೆಸರಿಟ್ಟರು. ಏಕೆ ಎಂದು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ಎಂಟು ವರ್ಷದ ಹಿಂದೆ ಪ್ರೊಫೆಸರ್ ಎಲ್ಡನ್ ವಿಟ್‌ಕಾಂಬ್ ಬಂದರು. ಜಾರ್ಜಿಯಾದ ಪಾದ್ರಿಯ ಮಗ. ಬೇಸಿಗೆಯಲ್ಲೂ ಅಂಗಿಯ ಕತ್ತಿನ ಗುಂಡಿ ಬಿಚ್ಚದ ಮನುಷ್ಯ. ವಿಭಾಗದವರೆಲ್ಲ ಲೆಂಪಿಯ ಸೌನಾಕ್ಕೆ ಹೋದರೂ ಅವರು ಹೋದವರಲ್ಲ; ಪರಿಚಯದವರ ನಡುವೆ ಬರೀ ಮೈಯಲ್ಲಿ ಕೂರುವ ಯೋಚನೆಗೇ ಅವರಿಗೆ ಬೆವರು ಬಂದುಬಿಡುತ್ತಿತ್ತು. ಬಂದ ಐದು ವರ್ಷಕ್ಕೆ ಅವರು ತರಿಸಿದ ಅಯಸ್ಕಾಂತದ ದೊಡ್ಡ ಯಂತ್ರಕ್ಕೆ ಸರಿಯಾಗಿ ಶವರಿನ ಕೆಳಗಿನ ಕೋಣೆಯೇ ಸಿಕ್ಕಿತು. ಯಾರಾದರೂ ತಿಳಿಯದೆ ಹಿಡಿ ಎಳೆದುಬಿಟ್ಟಾರೆಂದು ಅವರು ಅದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದರು. ಶುಕ್ರವಾರ ಲೆಂಪಿ ಕತ್ತರಿಸಿದಳು. ಮಧ್ಯಾಹ್ನ ಅವರು ಮತ್ತೆ ಕಟ್ಟಿದರು. ಆಕೆ ಮತ್ತೆ ಕತ್ತರಿಸಿದಳು. ಕುರುಕ್ಷೇತ್ರ ಹದಿನೆಂಟು ದಿನಕ್ಕೆ ಮುಗಿಯಿತು. ಇದು ಮೂರು ವರ್ಷ ನಡೆಯಿತು, ಎರಡೂ ಕಡೆ ಪಟ್ಟಿಯ ಹೊರತು ಬೇರೆ ಹಾನಿಯಿಲ್ಲದೆ.

“ಲೆಂಪಿ, ಆ ಯಂತ್ರ ಈ ಕಟ್ಟಡಕ್ಕಿಂತ ದುಬಾರಿ.”

“ಇರಬಹುದು ಪ್ರೊಫೆಸರ್. ಅದು ಸತ್ರೆ ಅಳೋಕೆ ಹೆಂಡತಿ ಇಲ್ವಲ್ಲ.”

ಫೆಬ್ರವರಿಯ ಒಂದು ಶುಕ್ರವಾರ, ಹೊರಗೆ ಕಿಟಕಿಯ ಎತ್ತರಕ್ಕೆ ಹಿಮ ಬಿದ್ದಿತ್ತು. ಲೆಂಪಿ ಪಟ್ಟಿ ಕತ್ತರಿಸಿ ಬಕೆಟ್ ತುಂಬಿಸಿ ಬಂದ ಸ್ವಲ್ಪ ಹೊತ್ತಿಗೆ ವಿಟ್‌ಕಾಂಬ್ ಬಂದು ಕಿರಿಯನ ನಾಲ್ಕು ಲೀಟರಿನ ಸೀಸೆ ಕೇಳಿದರು. ಅವಳು ಏಪ್ರನ್ ಕಟ್ಟಿಕೊಳ್ಳತೊಡಗಿದಳು.

“ಬೇಡ ಲೆಂಪಿ. ನನಗೆ ಐವತ್ತಾರು ವರ್ಷ. ಸುರಿಯೋಕೆ ಬರುತ್ತೆ.”

“ನಿಮ್ಮ ಏಪ್ರನ್ ಎಲ್ಲಿ?”

“ಐದು ನಿಮಿಷದ ಕೆಲಸಕ್ಕಾ?”

“ಸರಿ, ನಾನು ಬರಲ್ಲ. ಆ ಕಡೆ ಬಕೆಟ್ ಮರೆತು ಬಂದಿದೀನಿ, ಅದನ್ನ ತರೋಕೆ ಬರ್ತೀನಿ.”

ಬಕೆಟ್ಟು ಕಿಟಕಿಯ ಹಿಂದೆಯೇ ಇತ್ತು. ಇಬ್ಬರಿಗೂ ಕಾಣುತ್ತಿತ್ತು.

ಅವಳು ಪ್ರಯೋಗಶಾಲೆಯ ಬಾಗಿಲ ಹೊರಗೆ ನಿಂತಳು. ಒಳಗೆ ವಿಟ್‌ಕಾಂಬ್ ಹೊಗೆ ಹೀರುವ ಗೂಡಿನ ಮುಂದೆ ಸ್ಟೂಲಿನ ಮೇಲೆ ಕೂತು ಸುರಿಯುತ್ತಿದ್ದರು. ಕೂತು ಸುರಿಯಬಾರದು, ಚೆಲ್ಲಿದ್ದಕ್ಕೆ ಮಡಿಲು ಸಿಕ್ಕಿಬಿಡುತ್ತದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಸೀಸೆ ಕೈಗವಸಿನಿಂದ ಜಾರಿತು. ಎರಡೂ ತೊಡೆ ತೊಯ್ದವು.

“ಏನಾಗಿಲ್ಲ,” ಎಂದು ಎದ್ದರು ವಿಟ್‌ಕಾಂಬ್. “ನಲ್ಲೀಲಿ ತೊಳ್ಕೋತೀನಿ. ಉರೀನೂ ಇಲ್ಲ.”

ಲೆಂಪಿಗೆ ಆಮೇಲೆ ಯಾವ ಯೋಚನೆಯೂ ಬರಲಿಲ್ಲ. ಅವರ ತೋಳು ಹಿಡಿದು ಕಾರಿಡಾರಿಗೆ ಎಳೆದಳು. ಅಲ್ಲಿ ಬರುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ ಡೆಲ್ಫೀನ್‌ಗೆ, “ಆಂಬುಲೆನ್ಸ್‌ಗೆ ಫೋನ್ ಮಾಡು. ಉಸಿರು ನಿಲ್ಲಿಸೋ ವಿಷ ಅನ್ನು, ಹೆಸರು ಸೀಸೆ ಮೇಲಿದೆ. ಸೀಸೆ ಮುಟ್ಟಬೇಡ,” ಎಂದಳು. ಹಿಡಿ ಎಳೆದಳು. ನೀರು ಧೋ ಎಂದು ಇಳಿಯಿತು.

“ಕೆಳಗೆ ಯಂತ್ರ ಇದೆ,” ಎಂದರು ಅವರು.

“ಇದೆ. ಪ್ಯಾಂಟು ಬಿಚ್ಚು.”

“ಲೆಂಪಿ, ದಯವಿಟ್ಟು. ಆ ಹುಡುಗಿ ಇದಾಳೆ.”

“ಅವಳು ಆ ಕಡೆ ತಿರುಗಿದಾಳೆ. ಬಿಚ್ಚು ಎಲ್ಡನ್. ನಮ್ಮ ಸೌನಾದಲ್ಲಿ ಪಾದ್ರೀನೂ ಬರೀ ಮೈಯಲ್ಲೇ ಕೂರ್ತಾನೆ. ನಾನು ನಿನಗಿಂತ ಚೆನ್ನಾಗಿರೋ ತೊಡೆ ಬೇಕಾದಷ್ಟು ನೋಡಿದೀನಿ.”

ಎಂಟು ವರ್ಷದಲ್ಲಿ ಅವಳು ಅವರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವರು ಬೆಲ್ಟಿನ ಮೇಲೆ ಕೈಯಿಟ್ಟು ನಿಂತೇ ಇದ್ದರು. ಲೆಂಪಿ ಕಾಯಲಿಲ್ಲ. ಬೆಲ್ಟು, ಪ್ಯಾಂಟು, ಬೂಟು, ಕತ್ತಿನ ಗುಂಡಿಯ ಸಮೇತ ಅಂಗಿ, ಎಲ್ಲ ನೆಲಕ್ಕೆ ಬಿತ್ತು. ಅಂಗಿಯ ಜೇಬಿನಿಂದ ಮಧ್ಯಾಹ್ನಕ್ಕೆಂದು ಇಟ್ಟುಕೊಂಡಿದ್ದ ಹೊಸ ಪ್ಲಾಸ್ಟಿಕ್ ಪಟ್ಟಿ ಹೊರಬಿದ್ದು ನೀರಿನಲ್ಲಿ ತೇಲಿಕೊಂಡು ಹೋಯಿತು. ಅವಳು ಮರಳುಗಡಿಯಾರ ತಿರುಗಿಸಿದಳು.

ನೀರು ಮಂಜಿನಷ್ಟು ತಣ್ಣಗಿತ್ತು. ಎರಡು ಸಲ ಅವರು ಹೊರಬರಲು ನೋಡಿದರು. ಎರಡು ಸಲವೂ ಅವಳು ಎದೆಗೆ ಕೈಕೊಟ್ಟು ಒಳಗೆ ತಳ್ಳಿದಳು. ಮೂರನೆಯ ಸಲ ಅವರು ಪ್ರಯತ್ನಿಸಲಿಲ್ಲ. ಮರಳು ಅರ್ಧಕ್ಕಿಂತ ಕೆಳಗಿಳಿದಿತ್ತು.

“ಲೆಂಪಿ, ಕಾಲು ನಿಲ್ತಾ ಇಲ್ಲ.”

“ಕೂತ್ಕೋ. ನೀರಿನ ಕೆಳಗೇ ಕೂತ್ಕೋ. ಉಸಿರು ಎಳಿ. ಬಿಡು. ಇನ್ನೊಂದು ಸಲ ಎಳಿ.”

ಅವಳೂ ನೀರಿನಡಿ ಕೂತು ಅವರ ಬೆನ್ನು ಆನಿಸಿಕೊಂಡು, ಪ್ರತಿ ಉಸಿರಿಗೂ ಹೇಳಿದಳು. ಬರಬರುತ್ತಾ ಉಸಿರು ಗಿಡ್ಡವಾಯಿತು. ಕಣ್ಣು ಮಾತ್ರ ಎಚ್ಚರವಾಗಿತ್ತು. ಆ ಎಚ್ಚರವೇ ನೋಡಲಾಗದಂತಿತ್ತು. ಗಡಿಯಾರದಲ್ಲಿ ಬೆರಳಗಲ ಮರಳು ಉಳಿದಿದ್ದಾಗ ಆಂಬುಲೆನ್ಸಿನವರು ಹಿಮ ಮೆತ್ತಿದ ಬೂಟಿನಲ್ಲಿ ಓಡಿಬಂದು ಅವರ ಬಾಯಿಗೆ ಗಾಳಿಯ ಚೀಲ ಒತ್ತಿದರು.

ಒಂದೂವರೆ ದಿನ ಆಸ್ಪತ್ರೆಯ ಯಂತ್ರ ಅವರ ಬದಲು ಉಸಿರಾಡಿತು. ಕೆಳಗಿನ ಮಹಡಿಯ ಯಂತ್ರ ಮತ್ತೆ ಏಳಲಿಲ್ಲ. ವಿಚಾರಣೆಯ ಕಾಗದ ಬಂತು: ಶವರ್ ಎಳೆದವರು ಯಾರು? ಲೆಂಪಿ ತನ್ನ ಹೆಸರು ಬರೆದು, ಕೆಳಗೆ ‘ಬೇಕೆಂದೇ’ ಎಂದು ಸೇರಿಸಿದಳು.

ಏಪ್ರಿಲಿನಲ್ಲಿ ವಿಟ್‌ಕಾಂಬ್ ಕೋಲು ಊರಿಕೊಂಡು ಉಗ್ರಾಣದ ಕಿಟಕಿಗೆ ಬಂದರು.

“ಸೋಪಿನ ಹಾಗಿತ್ತು ಲೆಂಪಿ. ಅಷ್ಟೇ. ನೀವು ಇಲ್ದಿದ್ರೆ ನಾನು ಒರೆಸ್ಕೊಂಡು ಕಾಫಿಗೆ ಹೋಗ್ತಿದ್ದೆ.”

ಲೆಂಪಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಟೋಯ್ವೊನ ಹೆಸರು ಹೇಳಿದಳು. ಒದ್ದೆ ಪ್ಯಾಂಟು, ಅಜ್ಜಿಯ ಮೇಲಿನ ತಮಾಷೆ, ಚೆಲ್ಲದ ಕಾಫಿ, ಎಲ್ಲ ಹೇಳಿ ಕೊನೆಗೆ, “ನಾನು ಅವನಿಗೆ ಟವೆಲ್ ಕೊಟ್ಟೆ,” ಎಂದಳು.

ವಿಟ್‌ಕಾಂಬ್ ಸಮಾಧಾನದ ಮಾತಾಡಲಿಲ್ಲ. ಅಷ್ಟು ಮಟ್ಟಿಗೆ ಅವರು ವಿವೇಕಿ. ಮರಳುಗಡಿಯಾರ ಎಲ್ಲಿಂದ ಬಂತೆಂದು ಮಾತ್ರ ಕೇಳಿದರು.

ಮುಂದಿನ ಶನಿವಾರ ಸಂಜೆ ಅವರು ಲೆಂಪಿಯ ಅಂಗಳದಲ್ಲಿ ಒಂದು ಪೊಟ್ಟಣ ಹಿಡಿದು ನಿಂತಿದ್ದರು. ಸೌನಾದ ಹೊಗೆಕೊಳವೆಯಿಂದ ಹೊಗೆ ಏಳುತ್ತಿತ್ತು. ಕತ್ತಿನ ಗುಂಡಿ ಹಾಕಿಯೇ ಇತ್ತು, ಆದರೆ ಕಂಕುಳಲ್ಲಿ ಟವೆಲ್ ಇತ್ತು. ಪೊಟ್ಟಣದಲ್ಲಿ ಹೊಸ ಮರಳುಗಡಿಯಾರ.

“ಒಂದು ಮಾತು,” ಎಂದರು. “ನಾನು ಮೂರು ಸಲ ಅಳೆದು ನೋಡಿದೆ. ಇದು ಹದಿನಾಲ್ಕೂವರೆ ನಿಮಿಷಕ್ಕೇ ಮುಗಿಯುತ್ತೆ.”

ಲೆಂಪಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಹೋಗಿ ಹತ್ತೊಂಬತ್ತು ವರ್ಷದಿಂದ ಬರಿದಾಗಿದ್ದ ಮೊಳೆಗೆ ತೂಗುಹಾಕಿದಳು.

“ಶವರಿಗೆ ಸಾಲದು,” ಎಂದಳು. “ಸೌನಾಕ್ಕೆ ಸಾಕು. ಬಾಗಿಲು ಹಾಕಿ ಪ್ರೊಫೆಸರ್, ಹಬೆ ಹೋಗುತ್ತೆ.”