ಗೋಲಿನ ಮುಂದೆ ನಿಲ್ಲದ ಹೈನಿ ಮಾವ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಶಾಲೆ ಅರ್ಧಕ್ಕೆ ಬಿಟ್ಟವಳು ನಾನು. ಮೀನು ಕಾರ್ಖಾನೆಯ ತಣ್ಣೀರಿನಲ್ಲಿ ದಿನವೆಲ್ಲ ಕೈಯಿಟ್ಟು ಬಂದ ಮೇಲೆ ಪೆನ್ನು ಬೆರಳಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಮಾತುಗಳೂ ನನಗೆ ಬೇಗ ಸಿಗುವುದಿಲ್ಲ. ಆದರೂ ತಪ್ಪು ಬರೆಯಬಾರದೆಂದು ಒಂದೊಂದು ವಾಕ್ಯವನ್ನೂ ಓದಿ ನೋಡಿ ಮುಂದಕ್ಕೆ ಹೋಗಿದ್ದೇನೆ. ನಮ್ಮ ಫಾರೋ ದ್ವೀಪಗಳ ಪರವಾಗಿ ಫುಟ್‌ಬಾಲ್ ಆಡಿದವರ ಹೆಸರುಗಳಿರುವ ಒಂದು ಪುಸ್ತಕ ಅಚ್ಚಾಗಿದೆ. ಅದರಲ್ಲಿ ಹೈನಿ ಮಾವನ ಹೆಸರಿಲ್ಲ. ಮೈದಾನಕ್ಕೆ ಇಳಿಯದವರ ಹೆಸರು ಹಾಕುವುದಿಲ್ಲವಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೈನಿ ನನ್ನ ಅಮ್ಮನ ತಮ್ಮ. ಮದುವೆಯಾಗಲಿಲ್ಲ. ಅಜ್ಜ, ಅಮ್ಮ ಮತ್ತು ನನ್ನ ಜೊತೆ ಒಂದೇ ಮನೆಯಲ್ಲಿದ್ದ. ನಾನು ಕೆಲಸಕ್ಕೆ ಸೇರಿದಾಗ ಚಾಕು ಮಸೆಯುವುದನ್ನು, ಮೂಳೆಯ ಪಕ್ಕದಲ್ಲಿ ಅದನ್ನು ಹೇಗೆ ಓಡಿಸಬೇಕೆಂಬುದನ್ನು ಹೇಳಿಕೊಟ್ಟವನು ಅವನೇ. ಅವನ ಅಂಗೈ ಎಷ್ಟು ಅಗಲವೆಂದರೆ ನಮ್ಮ ಕಡಲಿನ ದೊಡ್ಡ ಕಾಡ್ ಎಂಬ ಮೀನಿನ ತಲೆ ಅದರೊಳಗೆ ಮುಚ್ಚಿಹೋಗುತ್ತಿತ್ತು. ಸಂಜೆ ಕೆಲಸ ಮುಗಿಸಿ, ಮೀನಿನ ವಾಸನೆ ಹೋಗುವ ಮೊದಲೇ ಕೈಗವಸು ಹಾಕಿಕೊಂಡು ನಮ್ಮೂರ ತಂಡದ ಗೋಲಿನ ಮುಂದೆ ನಿಲ್ಲುತ್ತಿದ್ದ.

ದೇಶದ ತಂಡದಲ್ಲೂ ಅವನಿದ್ದ. ಆದರೆ ಮೂರನೆಯ ಗೋಲ್‌ಕೀಪರ್. ವಿಶ್ವಕಪ್ ಅರ್ಹತೆಗಾಗಿ ಯುರೋಪಿನ ದೇಶಗಳನ್ನು ಗುಂಪು ಮಾಡಿದಾಗಲೆಲ್ಲ ನಮ್ಮದು ಗುಂಪಿನ ಕೊನೆಯ ಹೆಸರು. ಮಾವ ಎಲ್ಲ ಪಂದ್ಯಗಳಿಗೂ ಹೋಗುತ್ತಿದ್ದ, ಬೆಂಚಿನ ಮೇಲೆ ಕೂರುತ್ತಿದ್ದ, ಬರುತ್ತಿದ್ದ. ಕಾರ್ಖಾನೆಯಲ್ಲಿ ಹಾನುಸ್ ಎಂಬುವನು ಅವನನ್ನು ಬಿಡುತ್ತಲೇ ಇರಲಿಲ್ಲ.

"ಏನಪ್ಪಾ ಹೈನಿ, ಈ ಸಲದ ಬೆಂಚು ಯಾವ ಮರದ್ದು?"

"ದೊಡ್ಡ ದೇಶದ ಬೆಂಚು ಕಣೋ. ಕುಂಡಿ ಕೆಳಗೆ ಬಿಸಿ ಬರುತ್ತೆ. ನಿನ್ನ ಹೆಂಡ್ತಿ ಮಾಡೋ ಕಾಫಿಗಿಂತ ಬಿಸಿ."

"ಹಂಗಾದ್ರೆ ಅಲ್ಲೇ ಇದ್ದುಬಿಡು ಮಾರಾಯ, ಮೊಟ್ಟೆನಾದ್ರೂ ಒಡೆದು ಮರಿ ಬರುತ್ತೆ!"

ಎಲ್ಲರೂ ನಗುತ್ತಿದ್ದರು. ಮಾವನೂ ನಗುತ್ತಿದ್ದ. ಆದರೆ ಮನೆಗೆ ಬಂದು ಒಮ್ಮೆ ಅಮ್ಮನಿಗೆ ಹೇಳಿದ್ದ: "ಒಂದೇ ಒಂದು ಸಲ ಅಕ್ಕಾ. ಸೋತರೂ ಪರವಾಗಿಲ್ಲ. ಒಂದು ಸಲ ನಿಂತು ಬಂದ್ರೆ ಸಾಕು."

ಹೋದ ವರ್ಷ ಅಕ್ಟೋಬರ್‌ನಲ್ಲಿ ಆ ಒಂದು ಸಲ ಬಂತು. ಮೊದಲನೆಯ ಗೋಲ್‌ಕೀಪರ್ ಹಡಗಿನ ಮೆಟ್ಟಿಲಿನಲ್ಲಿ ಜಾರಿ ಭುಜ ಕಳಚಿಕೊಂಡ. ಎರಡನೆಯವನಿಗೆ ಹಳದಿ ಕಾರ್ಡುಗಳು ಸೇರಿ ಒಂದು ಪಂದ್ಯದ ನಿಷೇಧ. ಗುಂಪಿನ ಕೊನೆಯ ಪಂದ್ಯ ಶನಿವಾರ, ನಮ್ಮ ರಾಜಧಾನಿ ಟೋರ್ಸ್‌ಹಾವ್ನ್‌ನಲ್ಲಿ, ನಮ್ಮ ಜನರ ಮುಂದೆ. ಎದುರಾಳಿ ನಮ್ಮಂಥದೇ ಒಂದು ಪುಟ್ಟ ದೇಶ. ಇಡೀ ಗುಂಪಿನಲ್ಲಿ ನಾವು ಸೋಲಿಸಬಹುದಾಗಿದ್ದದ್ದು ಅವರನ್ನು ಮಾತ್ರ. ತರಬೇತುದಾರ ಫೋನ್ ಮಾಡಿ, ಗುರುವಾರ ಸಂಜೆಯ ಹೊತ್ತಿಗೆ ಶಿಬಿರದಲ್ಲಿರಬೇಕು ಎಂದ. ಫೋನ್ ಇಟ್ಟ ಮೇಲೆ ಮಾವ ಅಡುಗೆಮನೆಯಲ್ಲೇ ನಿಂತಿದ್ದ. ಅಮ್ಮ ಕೊಟ್ಟ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತಿಂದ.

ಅದೇ ವಾರ, ಬೇಸಿಗೆಯೆಲ್ಲ ಮೇಯ್ದ ಕುರಿಗಳನ್ನು ಕೊಯ್ಯಲು ಬೆಟ್ಟದಿಂದ ಇಳಿಸುವುದಿತ್ತು. ಬೆಟ್ಟದ ಮೇಲೆ ಪಾಲಿರುವ ಪ್ರತಿ ಮನೆಯಿಂದಲೂ ಅಂದು ಒಬ್ಬ ಗಂಡಾಳು ಮೇಲಕ್ಕೆ ಹೋಗಬೇಕು. ಕೈಕೈ ಚಾಚಿ ಸಾಲಾಗಿ ನಿಂತು, ಕೂಗುತ್ತಾ ಇಡೀ ಮಂದೆಯನ್ನು ದೊಡ್ಡಿಗೆ ಇಳಿಸಬೇಕು. ಆಳು ಕೊಡದ ಮನೆಗೆ ಹಿರಿಯರು ಇಟ್ಟಿರುವ ಹೆಸರನ್ನು ಇಲ್ಲಿ ಬರೆಯಲಾರೆ. ಮಂಜು ಮುಸುಕಿ ಆ ಕೆಲಸ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ ಊರಿನ ಕುರಿ ಯಜಮಾನ ಟ್ರೋಂಡುರ್ ಗುರುವಾರ ಬೆಳಿಗ್ಗೆ ಎಂದು ಗೊತ್ತುಮಾಡಿದ. ಹಾಗೆಂದು ಹೇಳಲು ಅವನೇ ನಮ್ಮ ಮನೆಗೆ ಬಂದ.

"ಈ ಸಲ ನಿಮ್ಮನೆಯಿಂದ ಯಾರೂ ಬರೋದು ಬೇಡ. ಹೈನಿ ಆಡೋಕೆ ಹೋಗ್ಲಿ. ನಿಮ್ಮ ಪಾಲಿನ ಕುರಿ ನಾವೇ ಇಳಿಸ್ತೀವಿ," ಎಂದ ಟ್ರೋಂಡುರ್.

ಅಜ್ಜ ಕುರ್ಚಿಯಿಂದ ತಲೆಯೆತ್ತಿದ. "ನನ್ನ ಕುರಿ ನೀವು ಇಳಿಸ್ತೀರಾ? ಆಮೇಲೆ ತಟ್ಟೆಗೆ ಕೊಯ್ದು ಬಾಯಿಗೂ ಇಡ್ತೀರೋ?"

"ಹಾಗಲ್ಲಪ್ಪಾ ದಾನ್ಯಾಲ್..."

"ಈ ಮನೆಯಿಂದ ಆಳು ಹೋಗದ ವರ್ಷ ಇಲ್ಲ. ನಾನೇ ಬರ್ತೀನಿ."

ಅಜ್ಜನಿಗೆ ಸೊಂಟ ಕೆಟ್ಟಿತ್ತು. ಚರ್ಚಿನ ಮೆಟ್ಟಿಲನ್ನೇ ನಿಂತು ನಿಂತು ಹತ್ತುತ್ತಿದ್ದ. ಆದರೂ ಗುರುವಾರ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಬಾಗಿಲ ಬಳಿ ಕೂತು ಬೂಟಿನ ಹುರಿ ಕಟ್ಟುತ್ತಿದ್ದ. ಮಾವನ ಚೀಲ ಅಲ್ಲೇ ಪಕ್ಕದಲ್ಲಿ ಸಿದ್ಧವಾಗಿತ್ತು. ಮಧ್ಯಾಹ್ನದ ಬಸ್ಸಿಗೆ ಅವನು ಹೊರಡಬೇಕಿತ್ತು.

"ಬಿಚ್ಚಪ್ಪಾ ಬೂಟು," ಎಂದ ಮಾವ.

"ನೀನು ನಿನ್ನ ಚೆಂಡಿನ ಹಿಂದೆ ಹೋಗೋ."

"ಬಿಚ್ಚು ಅಂದೆ. ನಾನೇ ಹೋಗ್ತೀನಿ. ಮಧ್ಯಾಹ್ನದೊಳಗೆ ಮುಗಿಯುತ್ತೆ."

"ಹೈನೀ, ಬೇಡ್ವೋ," ಎಂದಳು ಅಮ್ಮ.

"ಕೆಳಗಿನ ಗೋಡೆ ಹತ್ರ ನಿಲ್ತೀನಿ ಅಕ್ಕಾ. ಓಡಲ್ಲ. ಆಣೆಗೂ ಓಡಲ್ಲ."

ಅವನು ಓಡಲಿಲ್ಲ ಎಂಬುದು ನಿಜ. ಮುಂದೆ ನಡೆದದ್ದನ್ನು ನಾನು ನೋಡಿಲ್ಲ. ನಾನು ಕೆಳಗೆ ದೊಡ್ಡಿಯ ಹತ್ತಿರ ಹೆಂಗಸರು ಮಕ್ಕಳ ಸಾಲಿನಲ್ಲಿದ್ದೆ. ಟ್ರೋಂಡುರ್ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಅರ್ಧ ಬೆಟ್ಟ ಇಳಿದಾಗ ಸಮುದ್ರದ ಕಡೆಯಿಂದ ಮತ್ತೆ ಮಂಜು ಎದ್ದಿತು. ಕಡಿದಾದ ಅಂಚಿನ ಬಳಿ ಸಾಲು ತುಂಡಾಯಿತು. ಇಬ್ಬರು ಮಂಜಿನಲ್ಲಿ ಹಿಂದುಳಿದು ಅವರ ಜಾಗ ಖಾಲಿಯಾಯಿತು. ಟ್ರೋಂಡುರ್ ಕೂಗಿದ: "ಹೈನೀ, ಮೇಲೆ ಬಾ! ಈ ಸಂದಿಯಲ್ಲಿ ನಿಂತ್ಕೋ. ಗೋಲು ಕಾಯೋನು ನೀನೇ ಅಲ್ವಾ!" ಮಾವ ನಗುತ್ತಾ ಮೇಲೆ ಹತ್ತಿ ಬಂದ. ಕೈಗಳನ್ನು ಅಗಲಿಸಿ ನಿಂತ.

ಅಂಚಿನಲ್ಲಿ ಕುರಿ ನುಗ್ಗಿದರೆ ಬಿಟ್ಟುಬಿಡಬೇಕು. ಹೋದ ಕುರಿ ಹೋಯಿತು. ನಡೆಯಲು ಕಲಿತ ಮಕ್ಕಳಿಗೆ ನಮ್ಮಲ್ಲಿ ಹೇಳುವ ಮೊದಲ ಮಾತು ಅದು. ಮಂದೆ ಹಿಂದಕ್ಕೆ ತಿರುಗಿತು. ಒಂದು ಟಗರು ಮಾವನ ಎಡಗಡೆಯಿಂದ ಹಾರಿತು. ಮಾವನೂ ಎಡಕ್ಕೆ ಹಾರಿದ. ಮೈ ಪೂರ್ತಿ ಚಾಚಿ, ಎರಡೂ ಕೈಯಿಂದ ಅದನ್ನು ಗಾಳಿಯಲ್ಲೇ ಹಿಡಿದ. ಹಿಡಿದದ್ದನ್ನು ಬಿಡಲಿಲ್ಲ. ಒದ್ದೆ ಹುಲ್ಲಿನ ಮೇಲೆ ಟಗರಿನ ಜೊತೆಯಲ್ಲೇ ಜಾರಿ ಅಂಚು ದಾಟಿದ.

"ಅವನಿಗೆ ಗೊತ್ತಿತ್ತು ಕಣೇ," ಎಂದ ಟ್ರೋಂಡುರ್. "ಅವನ ಮೈ ಕೇಳಲಿಲ್ಲ."

ಕೆಳಗೆ ಒಂದು ಬಂಡೆಯ ಚಾಚು ಇತ್ತು. ಇಲ್ಲದಿದ್ದರೆ ಸಮುದ್ರ. ಹಕ್ಕಿ ಹಿಡಿಯಲು ಬಂಡೆ ಇಳಿಯುವ ಹಗ್ಗಗಳನ್ನು ತಂದು ಅವನನ್ನು ಮೇಲಕ್ಕೆ ಎಳೆದರು. ಮಂಜಿನಲ್ಲಿ ಹೆಲಿಕಾಪ್ಟರ್ ಬರಲಿಲ್ಲ. ದೊಡ್ಡಿಯ ಮರದ ಬಾಗಿಲನ್ನು ಕಿತ್ತು, ಅದರ ಮೇಲೆ ಮಲಗಿಸಿ ಹೊತ್ತು ತಂದರು. ನಾನು ಪಕ್ಕದಲ್ಲಿ ನಡೆದೆ. ಅವನ ಬಲಗೈ ಮಣಿಕಟ್ಟಿನಿಂದ ಹಿಂದಕ್ಕೆ ತಿರುಗಿತ್ತು. ಸೊಂಟದ ಕೆಳಗೆ ಕಾಲು ಇರಬೇಕಾದ ಹಾಗಿರಲಿಲ್ಲ.

"ಬಸ್ ಹೋಯ್ತಾ?" ಎಂದು ಕೇಳಿದ.

"ಇಲ್ಲ ಮಾವ," ಎಂದೆ. ಬಸ್ಸು ಹೋಗಿತ್ತು.

ಶನಿವಾರ ನಮ್ಮ ಗೋಲಿನ ಮುಂದೆ ಇನ್ನೂ ಮೀಸೆ ಸರಿಯಾಗಿ ಬಾರದ ಒಬ್ಬನು ನಿಂತ. ಗಾಳಿಗೆ ತಿರುಗಿದ ಒಂದು ಚೆಂಡು ಅವನ ತಲೆಯ ಮೇಲಿಂದ ಒಳಗೆ ಹೋಯಿತು. ಅದೊಂದೇ ಗೋಲು. ನಾವು ಸೋತೆವು, ಗುಂಪಿನಲ್ಲಿ ಕೊನೆಯವರಾದೆವು. ಆ ಗಾಳಿಯ ಚೆಂಡನ್ನು ಹೈನಿ ಹಿಡಿಯುತ್ತಿದ್ದ ಎಂದು ಊರಿನವರೆಲ್ಲ ಹೇಳಿದರು. ಹಿಡಿಯುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.

ಕೋಪನ್‌ಹೇಗನ್‌ನ ಆಸ್ಪತ್ರೆಯಿಂದ ಅವನು ಬಂದಾಗ ಚಳಿಗಾಲ ಕಳೆದಿತ್ತು. ಊರುಗೋಲಿನಲ್ಲಿ ಕೋಣೆಯಿಂದ ಅಡುಗೆಮನೆಯವರೆಗೆ ಬರುತ್ತಾನೆ, ಅಷ್ಟೇ. ಬಲಗೈಯ ಬೆರಳು ಮಡಚುವುದಿಲ್ಲ. ಕಾರ್ಖಾನೆಯ ಮೇಜಿನಲ್ಲಿ ಅವನ ಜಾಗದಲ್ಲಿ ಈಗ ನಾನಿದ್ದೇನೆ. ತರಬೇತುದಾರ ಮನೆಗೆ ಬಂದು, ಅವನಿಗೆಂದು ಹೊಲಿಸಿದ್ದ ಒಂದನೆಯ ಸಂಖ್ಯೆಯ ಅಂಗಿಯನ್ನು ಕೊಟ್ಟುಹೋದ. ಕುರ್ಚಿ ಒತ್ತುತ್ತದೆಂದು ಮಾವ ಅದನ್ನು ಮಡಚಿ ಸೊಂಟದ ಕೆಳಗೆ ಇಟ್ಟುಕೊಂಡಿದ್ದಾನೆ.

ಹಾನುಸ್ ಒಮ್ಮೆ ನೋಡಲು ಬಂದ. "ಏನಪ್ಪಾ, ಈ ಬೆಂಚು..." ಎಂದು ಶುರು ಮಾಡಿ ನಿಲ್ಲಿಸಿಬಿಟ್ಟ. ಮತ್ತೆ ಬರಲಿಲ್ಲ.

ಮಾವ ಆಸ್ಪತ್ರೆಯಲ್ಲಿದ್ದಾಗಲೇ ನಮ್ಮ ಪಾಲಿನ ಮಾಂಸ ಬಂದಿತ್ತು. ಅಜ್ಜ ಅದನ್ನು ಸಂದುಬಿಟ್ಟ ಹಲಗೆಗಳ ಗಾಳಿಗೂಡಿನಲ್ಲಿ ಒಣಗಲು ತೂಗುಹಾಕಿದ. ಅಮ್ಮ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಬಿಸಾಡುವುದು ಪಾಪವೆಂದು ಅಜ್ಜ ಒಬ್ಬನೇ ಭಾನುವಾರಗಳಂದು ತೆಳ್ಳಗೆ ಕೊಯ್ದು, ಗೋಡೆಯ ಕಡೆ ಮುಖ ಮಾಡಿ ತಿಂದ. ಮುಗಿಯುವವರೆಗೂ ತಿಂದ. ಅವನೂ ಮಾವನೂ ಮಾತಾಡುವುದಿಲ್ಲ. ಜಗಳವಿಲ್ಲ. ಉಪ್ಪು ಬೇಕಾದರೆ ಅಮ್ಮನನ್ನು ಕೇಳುತ್ತಾರೆ.

ಈಗ ಹೊಸ ಗುಂಪುಗಳು ಗೊತ್ತಾಗಿವೆ. ಅಂಗಡಿಯಲ್ಲಿ, ಬಂದರಿನಲ್ಲಿ ಅದೇ ಮಾತು. ನಾವು ರೇಡಿಯೊ ಹಾಕುವುದಿಲ್ಲ. ಆದರೆ ನಮ್ಮೂರಿನ ಮನೆಗಳು ಹತ್ತಿರ ಹತ್ತಿರ, ಗೋಡೆಗಳು ಹಲಗೆಯವು. ಹಿಂದಿನ ತಿಂಗಳು ಒಂದು ಅಭ್ಯಾಸ ಪಂದ್ಯವಿದ್ದಾಗ ಪಕ್ಕದ ಮನೆಯಿಂದ ಕೂಗು ಬಂತು. ಮಾವ ಕುರ್ಚಿಯಲ್ಲಿ ಎಡಕ್ಕೆ ವಾಲಿ, ಆಗದ ಕೈಯನ್ನು ಎತ್ತಿದ. ಆಮೇಲೆ ನನ್ನ ಕಡೆ ನೋಡಿದ.

"ನೋಡಿದ್ಯಾ?" ಎಂದ. "ಇನ್ನೂ ಹಾರುತ್ತೆ ಇದು."

"ರೇಡಿಯೊ ಕಮ್ಮಿ ಮಾಡಿ ಅಂತ ಹೇಳಿ ಬರ್ಲಾ ಮಾವ?"

"ಬೇಡ. ಅವರು ಯಾಕೆ ಕಮ್ಮಿ ಮಾಡ್ಬೇಕು."

ಬರುವ ಶನಿವಾರ ಹೊಸ ಗುಂಪಿನ ಮೊದಲ ಪಂದ್ಯ. ಅಜ್ಜನ ದೋಣಿ ಕೇಳಿದ್ದೇನೆ. ಅವನು ಹುಟ್ಟುಗಳನ್ನು ತೆಗೆದುಕೊಟ್ಟ. ಮಧ್ಯಾಹ್ನ ಊಟವಾದ ಮೇಲೆ ಮಾವನನ್ನು ದೋಣಿಯಲ್ಲಿ ಕೂರಿಸಿಕೊಂಡು, ಊರಿನ ಸದ್ದು ಕೇಳದಷ್ಟು ದೂರ ಹುಟ್ಟು ಹಾಕುತ್ತೇನೆ. ಪಂದ್ಯ ಮುಗಿಯುವವರೆಗೆ ಗಾಳ ಹಾಕಿಕೊಂಡು ಅಲ್ಲೇ ಇರುತ್ತೇವೆ.