ಬೆಲ್ಟಕ್ಕನಿಗೆ ಮಾಡಿದ ಮರ್ಯಾದೆ

ಕಲ್ಲಿದ್ದಲ ಗಣಿಯಲ್ಲಿ ಅವಳನ್ನು ಎಲ್ಲರೂ ಬೆಲ್ಟಕ್ಕ ಎಂದೇ ಕರೆಯುತ್ತಿದ್ದರು. ನೆಲದಡಿಯಿಂದ ಕಲ್ಲಿದ್ದಲು ಹೊತ್ತು ತರುವ ಉದ್ದನೆಯ ರಬ್ಬರ್ ಬೆಲ್ಟು ಎಲ್ಲಿ ಉಜ್ಜುತ್ತದೆ, ಅದರಡಿಯ ಯಾವ ರೋಲರು ತಿರುಗದೆ ಬಿಸಿಯಾಗುತ್ತದೆ, ಪುಡಿ ಎಲ್ಲಿ ಕೂರುತ್ತದೆ, ಯಾವ ಕಿಡಿ ಇಡೀ ಗಣಿಯನ್ನೇ ಸಿಡಿಸೀತು ಎಂದು ಹುಡುಕುವುದು ಅವಳ ಕೆಲಸ. ಹುಡುಕಲು ಬಿಟ್ಟರೆ ತಾನೇ! ಅವಳು ಬರುತ್ತಾಳೆಂದು ಗೊತ್ತಾದರೆ ಸಾಕು, ಬೀಗರು ಬರುವ ಮನೆಯಂತೆ ಸುರಂಗವನ್ನೆಲ್ಲ ತೊಳೆದು ಬಳಿದು ಇಡುತ್ತಿದ್ದರು. ಸಾಲದೆಂಬಂತೆ, ಅಕ್ಕನ ಕಣ್ಣಿಗೆ ಧೂಳು ಬೀಳಬಾರದೆಂದು ಬೆಲ್ಟನ್ನೂ ನಿಲ್ಲಿಸಿರುತ್ತಿದ್ದರು. ನಿಂತ ಬೆಲ್ಟಿನ ರೋಲರು ಬಿಸಿಯಾಗುತ್ತದೆಯೇ? ಈ ಮರ್ಯಾದೆ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹೇಳಿ ಹೇಳಿ ಬಾಯಿ ನೋಯಿತೇ ಹೊರತು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಈ ಸಂಭ್ರಮಕ್ಕೆಲ್ಲ ಮುಂದಾಳು ಯಾರೆಂದರೆ ಅವಳ ಸ್ವಂತ ಮೈದುನ. ಆಳದ ಬೆಲ್ಟು ನಡೆಸುವವನು ಅವನೇ. ಗಂಡನಿಗೆ ಒಬ್ಬನೇ ತಮ್ಮ, ಅತ್ತೆಗೆ ಮುದ್ದಿನ ಕಿರಿಮಗ. ಒಂದೇ ಮನೆ ಬೇರೆ. ಅವಳು ಬೆಳಿಗ್ಗೆ ಗಣಿಯ ಬೂಟು ಹುಡುಕಿದರೆ ಅವನಿಗೆ ಸುದ್ದಿ ಮುಟ್ಟಿದಂತೆಯೇ.

ಆ ದಿನವೂ ಇಳಿದು ನೋಡುತ್ತಾಳೆ, ಬೆಲ್ಟು ನಿಂತಿದೆ, ಮೈದುನ ಹಲ್ಲು ಕಿರಿಯುತ್ತಿದ್ದಾನೆ.

“ನೋಡಿ ಅತ್ತಿಗೆ, ಎಲ್ಲಾ ಲಕಲಕ ಅಂತಿದೆ!”

“ನಾನೇನು ಬಾಡಿಗೆ ಮನೆ ನೋಡೋಕೆ ಬಂದಿದೀನಾ? ಬೆಲ್ಟ್ ಓಡಿಸು.”

“ಧೂಳು ಏಳುತ್ತೆ, ನಿಮಗ್ಯಾಕೆ ಸುಮ್ನೆ...”

“ಕಲ್ಲಿದ್ದಲೂ ಹಾಕ್ಸು. ಅಲ್ಲೀವರೆಗೂ ನಾನು ಏಳಲ್ಲ.” ಬೋರಲು ಹಾಕಿದ್ದ ಪೆಟ್ಟಿಗೆಯ ಮೇಲೆ ಅವಳು ಕೂತೇಬಿಟ್ಟಳು. ಹಟ ಹಿಡಿದರೆ ಅತ್ತೆಗೂ ಬಗ್ಗುವ ಜಾತಿಯಲ್ಲ.

ಬೆಲ್ಟು ಓಡಿತು, ಭಾರವೂ ಬಿತ್ತು. ಹೊತ್ತು ಕಳೆದಂತೆ ಅವಳು ಒಂದು ವಿಷಯ ಗಮನಿಸಿದಳು. ಮೈದುನ ನಿಂತ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕಾಲ ಬಳಿ ನೀರಿನ ಬಕೆಟ್ಟು.

“ಪಕ್ಕಕ್ಕೆ ಸರಿ.”

“ಏನಿಲ್ಲ ಅತ್ತಿಗೆ, ಇದೊಂದು ರೋಲರ್ ಸ್ವಲ್ಪ ಬಿಸಿಯಾಗುತ್ತೆ. ನೀರು ಹುಯ್ದ್ರೆ ಸರಿಹೋಗುತ್ತೆ. ದಿನಾ ಹುಯ್ತೀನಿ.”

ಅವನನ್ನು ತಳ್ಳಿ ಅವಳು ಬಗ್ಗಿದಳು. ನೀರು ಕುಡಿದ ಪುಡಿ ಕೆಸರಾಗಿ, ಒಣಗಿ, ರೋಲರಿನ ಸುತ್ತ ಗಾರೆಯಂತೆ ಹಿಡಿದಿತ್ತು. ರೋಲರು ತಿರುಗುತ್ತಲೇ ಇರಲಿಲ್ಲ. ಬೆಲ್ಟು ಅದನ್ನು ಉಜ್ಜಿಕೊಂಡೇ ಓಡುತ್ತಿತ್ತು. ಕೆಳಗಿನ ಪುಡಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಅವಳು ಪಕ್ಕದ ಹಗ್ಗ ಜಗ್ಗಿ ಬೆಲ್ಟು ನಿಲ್ಲಿಸಿದಳು. ಬೆಂಕಿ ಆರಿಸಲೆಂದೇ ಅಲ್ಲಿಟ್ಟಿದ್ದ ಕಲ್ಲುಪುಡಿಯನ್ನು ಇಬ್ಬರೂ ಸುರಿದು ಸುರಿದು ಹೊಗೆ ಅಡಗಿಸಿದರು.

“ಯಾಕೋ ಹೀಗೆ ಮಾಡ್ದೆ?”

“ನಿಮ್ಮ ಮುಂದೆ ನಮ್ಮ ಬೆಲ್ಟಲ್ಲಿ ತಪ್ಪು ಕಾಣ್ಬಾರ್ದು ಅಂತ. ಮನೆಯವನೇ ಹೀಗೆ ಅಂತ ಜನ ನಿಮ್ಮನ್ನ ಆಡ್ಕೋಬಾರ್ದು ಅಂತ.”

“ಹೋದ ಸಲ ಈ ರೋಲರ್ ಸರಿಯಾಗಿದೆ ಅಂತ ಹೇಳಿ ಹೋದೋಳು ನಾನು! ನನ್ನ ಮಾತು ನಂಬ್ಕೊಂಡು ಇಷ್ಟು ಜನ ಇಲ್ಲಿ ಇಳೀತಾರೆ. ನೀನು ಸುಟ್ಟು ಕರಕಲಾಗಿದ್ರೆ ಅತ್ತೆಗೆ ಏನಂತ ಹೇಳ್ಲಿ? ನಾನೇ ನೋಡಿದ್ದೆ, ಎಲ್ಲಾ ಚೆನ್ನಾಗಿತ್ತು ಅಂತಲಾ?”

ಅವಳ ದನಿ ಒಡೆಯಿತು. ಇವನ ಮುಂದೆ ಅಳು ಬಂತಲ್ಲ ಎಂದು ಅದಕ್ಕೂ ಸಿಟ್ಟು ಬಂತು. ಮೈದುನ ಬಕೆಟ್ಟಿನಲ್ಲಿದ್ದ ನೀರನ್ನೆಲ್ಲ ದೂರ ಚೆಲ್ಲಿ ಬಂದ. ಆಮೇಲೆ ಸುರಂಗದ ಒಳಕ್ಕೆ ಕೈ ತೋರಿಸಿದ.

“ಆ ಕಡೆ ಇಂಥವೇ ಇನ್ನೂ ಎರಡಿವೆ, ಅತ್ತಿಗೆ.”