ಮನಾಂಗ್ ಪುರಿತಾ ಮೂಟೆ ಬಿಚ್ಚಿದ ಮದುವೆ

ಪನಾಯ್ ದ್ವೀಪದ ಆ ದಂಡೆಯಲ್ಲಿ, ಊರೆಲ್ಲ ಮನಾಂಗ್, ಅಂದರೆ ಅಕ್ಕ, ಎಂದು ಕರೆಯುವ ಪುರಿತಾಳ ಕಂಪ್ಯೂಟರಿಗಿಂತ ಹಳೆಯವು ಎರಡೇ: ಒಂದು ಇಗರ್ಜಿ, ಇನ್ನೊಂದು ಕಡಲು. ಕಂಪ್ಯೂಟರಿನ ಫ್ಯಾನು ತಿರುಗತೊಡಗಿದರೆ ಬಿರುಗಾಳಿ ಬಂತೆಂದು ಮೀನುಗಾರರು ದೋಣಿಗಳನ್ನು ಎಳೆದು ತೆಂಗಿನ ಮರಕ್ಕೆ ಕಟ್ಟುತ್ತಿದ್ದರು. ಆದರೂ ಹತ್ತೊಂಬತ್ತು ವರ್ಷಗಳಿಂದ ಊರಿನ ಮದುವೆಗಳೆಲ್ಲ ಅದರ ಹೊಟ್ಟೆಯಿಂದಲೇ ಫಿಲ್ಮಾಗಿ ಹೊರಬಿದ್ದಿದ್ದವು.

ಬೆಳಿಗ್ಗೆ ಇಗರ್ಜಿಯಲ್ಲಾದ ಮದುವೆಯನ್ನು ಅದೇ ಸಂಜೆ, ಊಟಕ್ಕೆ ಮುಂಚೆ, ಪರದೆಯ ಮೇಲೆ ತೋರಿಸಲೇಬೇಕು. ಅಂದಿನ ಮದುವಣಗಿತ್ತಿ ಜೆರ್ಲಿನ್ ಪಕ್ಕದ ಮನೆಯ ಹುಡುಗಿ. ಪುರಿತಾ ಅವಳ ಧರ್ಮತಾಯಿ. ಈ ಫಿಲ್ಮು ಆರು ಗಂಟೆಗೆ ಸಿದ್ಧವಾಗದಿದ್ದರೆ ಇನ್ನು ಕ್ಯಾಮೆರಾ ಮುಟ್ಟುವುದಿಲ್ಲವೆಂದು ಪುರಿತಾ ಆಣೆಯಿಟ್ಟಿದ್ದಳು.

ಹತ್ತೂವರೆಗೆ ಕ್ಯಾಮೆರಾದ ಫೈಲುಗಳನ್ನು ಕಂಪ್ಯೂಟರಿಗೆ ಇಳಿಸಿ ಒಂದನ್ನು ಓಡಿಸಿ ನೋಡಿದಳು. ಚಿತ್ರ ತಡೆತಡೆದು ಓಡಿ, ಜೆರ್ಲಿನ್ ಇಗರ್ಜಿಯೊಳಗೆ ಕಪ್ಪೆಯ ಹಾಗೆ ಕುಪ್ಪಳಿಸುತ್ತ ಬಂದಳು. ಪುರಿತಾ ಗಾಬರಿಯಾಗಲಿಲ್ಲ. ಅಷ್ಟೂ ಫೈಲುಗಳನ್ನು ಎಡಿಟಿಂಗಿಗೆ ಒಗ್ಗುವಂತೆ ಕನ್ವರ್ಟ್ ಮಾಡಲು ಹಚ್ಚಿ, ಮಾವಿನಕಾಯಿಯನ್ನು ಸಿಗಡಿ ಗೊಜ್ಜಿನಲ್ಲಿ ಅದ್ದಿ ತಿನ್ನುತ್ತ ಕುಳಿತಳು.

ಜೆರ್ಲಿನ್‌ಳ ತಾಯಿ ನೆನಿತಾ ಕಿಟಕಿಯಿಂದ ಇಣುಕಿದಳು. "ಏನು ಮನಾಂಗ್, ಇನ್ನೂ ಕತ್ತರಿನೇ ಹಾಕಿಲ್ವಾ? ಆರಾಮಾಗಿ ತಿಂತಾ ಕೂತಿದೀರಲ್ಲ."

"ಬಟ್ಟೆ ನೆನೆಸದೆ ಯಾವತ್ತಾದ್ರೂ ನಿನ್ನ ಬ್ಲೌಸು ಹೊಲಿದಿದ್ದೀನೇನೇ? ಕ್ಯಾಮೆರಾ ಚಿತ್ರಗಳನ್ನ ತುಳಿದು ತುಳಿದು ಮೂಟೆ ಕಟ್ಟಿರುತ್ತೆ. ಹಾಗೇ ಕತ್ತರಿಸೋಕೆ ಹೋದ್ರೆ ಈ ಮುದುಕ ಕಂಪ್ಯೂಟರಪ್ಪ ಹೆಜ್ಜೆ ಹೆಜ್ಜೆಗೂ ಮೂಟೆ ಬಿಚ್ಚಿ ಏದುಸಿರು ಬಿಡ್ತಾನೆ. ಮೊದಲೇ ಬಿಚ್ಚಿ ಹರಡಿಟ್ರೆ ಆಮೇಲೆ ಸರಾಗ."

ನೆನಿತಾಳ ಹಿಂದೆಯೇ ಊರಿನ ಮುಖಂಡರಾದ ಕ್ಯಾಪ್ಟನ್ ವೆನ್ಸೆಸ್ ಬಂದು ನಿಂತಿದ್ದರು. "ಹೊಸದು ತಗೊಳ್ಳಿ ಮನಾಂಗ್. ಇದನ್ನ ಮ್ಯೂಸಿಯಂನೋರೂ ಇಷ್ಟು ಹಳೇದು ಬೇಡ ಅಂತಾರೆ."

"ನಿಮ್ಮನ್ನ ಮೂರು ಸಲ ಗೆಲ್ಲಿಸಿದ ಊರು ಕ್ಯಾಪ್ ಇದು. ಹಳೇದನ್ನ ಎಸೆಯೋ ಅಭ್ಯಾಸ ನಮಗಿಲ್ಲ."

ಕ್ಯಾಪ್ಟನ್ ಪಕ್ಕದ ಮದುವೆ ಚಪ್ಪರಕ್ಕೆ ಹೋಗಿ ಹಾಡಲು ಮೈಕು ಹಿಡಿದರು. ಮದುವೆ ಮನೆಗೆ ಎರಡು ದೀಪ, ಒಂದು ಫ್ಯಾನಿಗೆಂದು ಪುರಿತಾ ತನ್ನ ಮನೆಯಿಂದ ವೈರು ಎಳೆದುಕೊಟ್ಟಿದ್ದಳು. ಹಾಡಿನ ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸಿದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಒಂದೂವರೆಗೆ ಕೊನೆಯ ಫೈಲು ತೊಂಬತ್ತಾರು ಪರ್ಸೆಂಟ್ ಮುಗಿದಿತ್ತು. ಕ್ಯಾಪ್ಟನ್ ಪಕ್ಕದ ದ್ವೀಪದ ಕೋಳಿಗಳೂ ಎಚ್ಚರಾಗುವಷ್ಟು ಮೇಲಕ್ಕೆ ದನಿ ಎತ್ತಿದರು. ಮನೆಯ ಕರೆಂಟು ಟಪ್ಪೆಂದು ಹೋಯಿತು.

ಪುರಿತಾ ವೈರಿನ ಜಾಡು ಹಿಡಿದು ಚಪ್ಪರಕ್ಕೆ ನಡೆದಳು; ಪ್ಲಗ್ಗು ಕಿತ್ತು ವೈರನ್ನು ಮೊಣಕೈಗೆ ಸುತ್ತತೊಡಗಿದಳು.

"ಒಂದೇ ಹಾಡು ಮನಾಂಗ್, ಅರ್ಧ ಆಗಿದೆ."

"ಹಾಡಿ ಕ್ಯಾಪ್. ಗಂಟಲಿಗೆ ಕರೆಂಟ್ ಬೇಕಾಗಿಲ್ಲ."

ಮನೆಗೆ ಬಂದು ಫ್ಯೂಸು ಹಾಕಿ ನೋಡಿದರೆ ಉಳಿದ ಫೈಲುಗಳೆಲ್ಲ ಕ್ಷೇಮವಾಗಿದ್ದವು. ಕೆಟ್ಟಿದ್ದು ಕೊನೆಯದೊಂದೇ: ಮದುವೆಗೆ ಸಾಕ್ಷಿಯಾಗಿ ನಿಂತ ಹಿರಿಯರು ಸಾಲಾಗಿ ನಡೆದುಬಂದದ್ದು. ಅದನ್ನು ಮತ್ತೆ ಕನ್ವರ್ಟ್ ಮಾಡಲು ಒಂದು ತಾಸು ಬೇಕು. ಕತ್ತರಿಸಿ ಜೋಡಿಸುವುದಕ್ಕೇ ಆರರವರೆಗೆ ಹಿಡಿಯುವುದರಿಂದ ಅಷ್ಟು ಹೊತ್ತಿರಲಿಲ್ಲ.

"ಅದೊಂದನ್ನ ಹಾಗೇ ಸೇರಿಸಿಬಿಡಿ ಮನಾಂಗ್. ಕ್ಯಾಪ್ ಬೇಜಾರು ಮಾಡ್ಕೋತಾರೆ," ಎಂದು ನೆನಿತಾ ಅಂಗಲಾಚಿದಳು.

"ಬಿಚ್ಚದ ಮೂಟೆ ಒಂದು ಒಳಗೆ ಬಂದ್ರೂ ಮುದುಕ ಮುಗ್ಗರಿಸ್ತಾನೆ, ನಾನು ಈ ಕುರ್ಚಿಯಿಂದ ಏಳೋದು ನಾಳೆ ಆರಕ್ಕೇ. ಬೇಜಾರಾಗೋರು ಆಗಲಿ. ಬಾಗಿಲು ಹಾಕ್ಕೊಂಡು ಹೋಗು."

ಆರಕ್ಕೆ ಸರಿಯಾಗಿ ಪರದೆ ಬೆಳಗಿತು. ಜೆರ್ಲಿನ್ ಇಗರ್ಜಿಯೊಳಗೆ ನೀರಿನ ಮೇಲೆ ತೇಲುವ ಹಂಸದ ಹಾಗೆ ಬಂದಳು. ನೆನಿತಾ ಅತ್ತ ಕಣ್ಣೀರಿಗೆ ಕಡಲು ಒಂದು ಗೇಣು ಉಕ್ಕಿತು. ಮುಂದಿನ ಸಾಲಿನಲ್ಲಿ ಕ್ಯಾಪ್ಟನ್ ಕತ್ತು ಚಾಚಿ ಚಾಚಿ ನೋಡಿದರು.

"ನಾವೆಲ್ಲ ನಡೆದುಬಂದದ್ದು ಎಲ್ಲಿ ಮನಾಂಗ್? ನಾನೆಲ್ಲಿ?"

"ನಿಮ್ಮ ಹಾಡು ನುಂಗಿಬಿಡ್ತು ಕ್ಯಾಪ್. ಆ ಸಾಲಲ್ಲಿ ನಾನೂ ಇದ್ದೆ, ಕ್ಯಾಮೆರಾನ ಸ್ಟ್ಯಾಂಡಿನ ಮೇಲೆ ಬಿಟ್ಟು, ಹೊಸ ಗೌನು ಹಾಕ್ಕೊಂಡು."

"ಇನ್ನೊಂದು ಸಲ ಹಾಕಿ, ನಿನಾಂಗ್!" ಎಂದು ಜೆರ್ಲಿನ್ ಧರ್ಮತಾಯಿಯನ್ನು ಕೂಗಿ ಕೇಳಿದಳು. ಪುರಿತಾ ಹಾಕಿದಳು. ಎರಡನೇ ಸಲವೂ ಕ್ಯಾಪ್ಟನ್ ಅದರಲ್ಲಿ ಇರಲಿಲ್ಲ.